ಕುಂಬಳಕಾಯಿಗೆ ಅಳುತ್ತಿದ್ದವರು

ನ. 8, ಶನಿವಾರ

ಎಂದಿನಂತೆ ಬೆಳಗ್ಗೆ ಏಳೂವರೆಗೆ ಸ್ಪ್ಯಾನಿಷ್ ಕ್ಲಾಸು. ಬಸವನಗುಡಿ, ಆರಾಧನಾ ಮಿಸ್ ಮನೆಯ ಮಹಡಿ. ಎಂದಿನಂತೆ ಪಕ್ಕದ ಮನೆಯ ವಿನುತಾಳನ್ನು ಚಾಮರಾಜಪೇಟೆಯಿಂದ ಸ್ಕೂಟರಿನಲ್ಲಿ ಕರೆದೊಯ್ದೆ. ಎಂದಿನಂತೆ ದಾರಿಯುದ್ದಕ್ಕೂ ಬೈಸಿಕೊಂಡೆ. ‘ಎಂದಿನಂತೆ’ ಇಲ್ಲಿಗೆ ಮುಗಿಯಿತು.

(ಸ್ಪ್ಯಾನಿಷ್ ಯಾಕೆ ಎಂದು ಅಪ್ಪ ಕೇಳಿದ್ದಾರೆ. ಸ್ಪೇನಿಗೆ ನಮ್ಮ ಮಂಡಿಯ ಬೂದುಗುಂಬಳ ಎಕ್ಸ್‌ಪೋರ್ಟ್ ಎಂದಿದ್ದೇನೆ. ವಿನುತಾ ಸೇರಿದಳು, ಅದಕ್ಕೇ ಸೇರಿದೆ ಎಂಬುದು ಗೌಪ್ಯ ಕಡತ.)

ಇಂದಿನ ಪಾಠ: ಹಿಂದೆ ಮತ್ತೆ ಮತ್ತೆ ನಡೆಯುತ್ತಿದ್ದದ್ದನ್ನು ಹೇಳುವ ಬಗೆ. ಒಂದು ಸಲ ಆಡಿದ್ದಲ್ಲ, ಆಡುತ್ತಿದ್ದದ್ದು. ಹುಗಾಬಾ, ಹುಗಾಬಾಸ್, ಹುಗಾಬಾ… ಹುಗಾಬಾಮೊಸ್. ನಾವು ಆಡುತ್ತಿದ್ದೆವು.

‘ನಾವು’ ಎಂದಾಗ ವಿನುತಾಳ ಕಡೆ ನೋಡಿದೆ. ಅವಳು ಪೆನ್ಸಿಲ್ ಕೆತ್ತುತ್ತಿದ್ದಳು.

ಮಿಸ್ ಹೋಂವರ್ಕ್ ಕೊಟ್ಟರು. ಇಬ್ಬಿಬ್ಬರು ಸೇರಿ ಒಂದೇ ಬಾಲ್ಯ ಬರೆಯಬೇಕು, ಒಟ್ಟಿಗೇ ಬೆಳೆದ ಹಾಗೆ. ಮುಂದಿನ ವಾರ, ಹದಿನಾರರ ಭಾನುವಾರ, ಎಲ್ಲರೆದುರು ಹೇಳಬೇಕು. ಚೀಟಿ ಎತ್ತಿದರು. ವಿನುತಾಳಿಗೆ ಮಲ್ಲೇಶ್ವರದ ಸಂಕರ್ಷಣ. ನನಗೆ ನಿವೃತ್ತ ಹೆಡ್‌ಮಾಸ್ಟರ್ ಏಕಾಂತಯ್ಯನವರು, ವಯಸ್ಸು ಅರವತ್ತೆಂಟು. ನಾವಿಬ್ಬರೂ ಒಟ್ಟಿಗೆ ಬೆಳೆದೆವಂತೆ.

ನ. 9, ಭಾನುವಾರ

ಏಕಾಂತಯ್ಯನವರ ಅಪ್ಪ ಬಿನ್ನಿ ಮಿಲ್ಲಿನಲ್ಲಿದ್ದರು. ಆದ್ದರಿಂದ ನಾನೂ ದಿನಾ ಮಿಲ್ಲಿನ ಸೈರನ್ನಿಗೆ ಎದ್ದು, ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ ಎಂದು ತೀರ್ಮಾನವಾಯಿತು.

ಪಕ್ಕದ ಬೆಂಚಿನಲ್ಲಿ ನನ್ನ ಆಸ್ತಿ ಹರಾಜಾಗುತ್ತಿತ್ತು. ಕಲಾಸಿಪಾಳ್ಯದ ನಮ್ಮ ಮಂಡಿಯಲ್ಲಿ ಮೂಟೆಯಿಂದ ಮೂಟೆಗೆ ಹಾರುವ ಆಟ — ನನ್ನದು. ಹೂಕೋಸಿನ ಎಲೆ ಕಿರೀಟ — ನನ್ನದು. ವಿನುತಾ ಒಂದೊಂದಾಗಿ ತೆಗೆದು ಕೊಡುತ್ತಿದ್ದಳು, ಸಂಕರ್ಷಣ ‘ಹುಗಾಬಾಮೊಸ್’ ಸೇರಿಸಿ ಬರೆದುಕೊಳ್ಳುತ್ತಿದ್ದ. ಮಲ್ಲೇಶ್ವರದಲ್ಲಿ ಮೂಟೆ ಎಲ್ಲಿದೆ? ಉಚ್ಚಾರಣೆ ಮಾತ್ರ ಅಪ್ಪಟ. ಹಲ್ಲೂ ಚೆನ್ನಾಗಿವೆ.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ, ನನ್ನ ಆಟಗಳು ಅವನಿಗ್ಯಾಕೆ ಎಂದು ಕೇಳಿಯೇಬಿಟ್ಟೆ.

“ಹೋಂವರ್ಕ್ ಕಣೋ,” ಎಂದಳು. “ನಿನ್ ಸೈಟ್ ಏನೂ ಬರ್ಕೊಟ್ಟಿಲ್ಲ.”

ನ. 12, ಬುಧವಾರ. ರಾತ್ರಿ 8

ಶತ್ರುಪಾಳಯದಿಂದ ಫೋನು. ಸಂಕರ್ಷಣ. ವಿನುತಾಗೆ ಗೊತ್ತಿಲ್ಲದ ಹಾಗೆ ಅವಳ ಬಾಲ್ಯದ್ದೇ ಒಂದು ನಿಜವಾದ ಘಟನೆ ಸೇರಿಸಬೇಕಂತೆ. ಸರ್‌ಪ್ರೈಸ್ ಅಂತೆ. ನೀನೇ ತಾನೆ ಪಕ್ಕದ ಮನೆಯವನು, ಹೇಳು ಮಗಾ ಅಂದ.

ಸಮಸ್ತ ಜವಾಬ್ದಾರಿಯನ್ನರಿತು ಹೇಳಿದೆ: ಪ್ರತಿ ಅಮಾವಾಸ್ಯೆ ನಮ್ಮಂಗಡಿ ಮುಂದೆ ದೃಷ್ಟಿ ತೆಗೆದು ಬೂದುಗುಂಬಳ ಒಡೆಯುತ್ತಾರೆ. ಒಳಗೆ ಕುಂಕುಮ. ರಸ್ತೆಯೆಲ್ಲ ಕೆಂಪು. ಅದನ್ನು ರಕ್ತ ಎಂದುಕೊಂಡು ವಿನುತಾ ಗೋಣಿಚೀಲದೊಳಗೆ ಹೊಕ್ಕು, ಅತ್ತು, ಚೀಲವನ್ನೂ ಒದ್ದೆ ಮಾಡುತ್ತಿದ್ದಳು.

ಅವನು ನಕ್ಕೂ ನಕ್ಕೂ ಥ್ಯಾಂಕ್ಸ್ ಹೇಳಿದ.

ಚರಿತ್ರಕಾರರ ಗಮನಕ್ಕೆ: ಘಟನೆ ಸತ್ಯ, ಹೆಸರು ಮಾತ್ರ ಬದಲು. ಚೀಲದಲ್ಲಿದ್ದವನು ಕುಂಬಳಕಾಯಿ ಮಂಡಿ ಧರ್ಮರಾಜು ಅವರ ಏಕೈಕ ಪುತ್ರ, ಚಿ. ಸುಮನ್. ನಾನು. ಒಂದೇ ಒಂದು ಸಲ, ಆರನೇ ವಯಸ್ಸಿನಲ್ಲಿ. ನೋಡಿದವಳು ವಿನುತಾ ಒಬ್ಬಳೇ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಭಾನುವಾರ ಅವನ ಮುಖಕ್ಕೆ ಪುಸ್ತಕ ಎಸೆಯುತ್ತಾಳೆ. ‘ನಾವು’ ಎಂಬ ಜಾಗ ನನಗೆ ಖಾಲಿಯಾಗುತ್ತದೆ.

ನ. 16, ಭಾನುವಾರ

ಎಸೆಯಲಿಲ್ಲ.

ಸಂಕರ್ಷಣ ಚೀಲದೊಳಗೆ ಹೊಗುವ ಅಭಿನಯವನ್ನೂ ಮಾಡಿದ. “ವಿನುತಾ ಯೊರಾಬಾ.” ವಿನುತಾ ಅಳುತ್ತಿದ್ದಳು. ಇಡೀ ಕ್ಲಾಸು ನಕ್ಕಿತು. ಏಕಾಂತಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಿಸ್ ಕೂಡ ನಗುತ್ತಲೇ ನಿಜಾನಾ ಎಂದು ಕೇಳಿದರು.

ವಿನುತಾ ನನ್ನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆಯಲ್ಲ, ನನ್ನ ಕೈ ನಿಜವಾಗಿಯೂ ಹೆಗಲ ಮೇಲಿತ್ತು.

ನನ್ನ ಹೆಸರು ಹೇಳಲು ಅವಳಿಗೆ ಒಂದು ಕ್ಷಣ ಸಾಕಿತ್ತು.

“ಸಿ,” ಎಂದಳು. “ಯೊ ಯೊರಾಬಾ.” ಹೌದು, ನಾನು ಅಳುತ್ತಿದ್ದೆ.

ಮಿಸ್ ಅವಳ ಕ್ರಿಯಾಪದವನ್ನು ಮೆಚ್ಚಿಕೊಂಡರು. ಗೇಟಿನ ಹತ್ತಿರ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಅವಳು ಹತ್ತಲಿಲ್ಲ.

“ನೀನ್ ಚೀಲದೊಳಗೆ ಹೊಕ್ಕಿದ್ದೆಯಲ್ಲ, ಆವತ್ತಿಂದ ಪ್ರತಿ ಅಮಾವಾಸ್ಯೆ ನಾನೇ ಮೊದ್ಲು ಅಳ್ತಿದ್ದೆ. ಯಾಕೆ ಅಂತ ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ಅಪ್ಪ ಕಾಯಿ ಎತ್ತುವ ಮೊದಲೇ ಅವಳು ಕಿರುಚುತ್ತಿದ್ದಳು. ಅಮ್ಮ ನನಗೆ, ಪಾಪ ಹೆದರಿದೆ, ಮನೆಗೆ ಬಿಟ್ಟು ಬಾ ಅನ್ನುತ್ತಿದ್ದರು. ನಾನು ವೀರನಂತೆ ಅವಳ ಕೈ ಹಿಡಿದು ಹೊರಡುತ್ತಿದ್ದೆ. ಅವಳಿಗೂ ಹೆದರಿಕೆ ಎಂದೇ ಇಷ್ಟು ವರ್ಷ ನಂಬಿದ್ದೆ.

“ಇನ್ಮೇಲೆ ನಿನ್ ಅಳು ನೀನೇ ಅತ್ಕೋ.”

ಮೆಟ್ರೋ ಕಡೆ ನಡೆದಳು. ಸಂಕರ್ಷಣನ ಬೈಕನ್ನೂ ಹತ್ತಲಿಲ್ಲ. ಸಂತೋಷವಾಗಬೇಕಿತ್ತು.

ನ. 20, ಗುರುವಾರ. ಅಮಾವಾಸ್ಯೆ. ಬೆಳಗ್ಗೆ 11, ಅಂಗಡಿ

ನಾಲ್ಕು ದಿನದಿಂದ ಗೋಡೆಯ ಆಚೆ ಅವಳ ಮನೆಯ ಕುಕ್ಕರ್ ಕೂಗುತ್ತದೆ, ಅಷ್ಟೇ.

ಬೆಳಗ್ಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸ್ಪ್ಯಾನಿಷಿನಲ್ಲೇ, ಮೂರು ಸಲ ತಿದ್ದಿ. ಚೀಲದಲ್ಲಿದ್ದವನು ನಾನು. ವಿನುತಾ ನನಗೋಸ್ಕರ ಅಳುತ್ತಿದ್ದಳು. ಸಂಕರ್ಷಣನಿಗೆ ಹೇಳಿದ್ದು ಸುಳ್ಳು.

ನಗುವ ಮುಖಗಳು, ಒಟ್ಟು ಏಳು. ಏಕಾಂತಯ್ಯನವರು: ‘ನಮ್ಮ ಬಾಲ್ಯದಲ್ಲಿ ಇದನ್ನು ಯಾಕೆ ಸೇರಿಸಲಿಲ್ಲ?’ ಸಂಕರ್ಷಣ: ‘ಥೂ ಗುರು.’ ವಿನುತಾ — ನೀಲಿ ಟಿಕ್ ಎರಡು, ಓದಿದ್ದಾಳೆ.

ಅಪ್ಪ ಕಾಯಿಗೆ ಕರ್ಪೂರ ಹಚ್ಚುತ್ತಿದ್ದಾರೆ. ಹೊಟ್ಟೆಕಿಚ್ಚಿನವರ ಕಣ್ಣು ತಾಗದಿರಲಿ ಎಂದು ಇಷ್ಟೆಲ್ಲ. ಈ ಸಲ ಆ ಕಣ್ಣು ಮನೆಯೊಳಗಿನದೇ ಎಂದು ಅವರಿಗೆ ಗೊತ್ತಿಲ್ಲ.

ಬಂದಳು. ಎದುರಿಗೆ ಅವರಪ್ಪನ ಸೊಪ್ಪಿನಂಗಡಿ ಮೆಟ್ಟಿಲ ಮೇಲೆ, ಹಳೆಯ ಜಾಗದಲ್ಲೇ ನಿಂತಿದ್ದಾಳೆ. ಜೊತೆಗೆ ಸಂಕರ್ಷಣ, ಫೋನ್ ಹಿಡಿದು. ಕುಂಬಳಕಾಯಿ ಒಡೆಯುವುದನ್ನು ನೋಡಬೇಕಂತೆ ಸಾಹೇಬರಿಗೆ. ಉರಿಯುತ್ತಿದೆ. ಕರ್ಪೂರದ ಬಗ್ಗೆ ಹೇಳುತ್ತಿಲ್ಲ.

ಅವಳ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗವಿದೆ. ಅಲ್ಲಿಗೆ ಹೋಗಬೇಕಾದರೆ ಅಪ್ಪನ ಮುಂದೆಯೇ, ಕಾಯಿ ಬೀಳುವ ಜಾಗವನ್ನೇ ದಾಟಬೇಕು.

ಅಪ್ಪ ಎತ್ತಿದರು. ಅವಳು ಅಳುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ. ಗೋಣಿಚೀಲ ಇಲ್ಲೇ ಕಾಲ ಹತ್ತಿರ ಇದೆ, ಆದರೂ ಪೆನ್ನು ಇಟ್ಟು ಆಚೆ ದಾಟುತ್ತಿದ್ದೇನೆ —