ಭರ್ತಿ ಬಟ್ಟಲು

ಫರ್ಗಾನಾ
ಮೇ ೧೪, ಗುರುವಾರ

ಪ್ರೀತಿಯ ಸನೋಬರ್ ಅಕ್ಕಾ,

ಹೇಗಿದ್ದೀಯೆ? ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಶೋಹಿಮರ್ದಾನಿನ ಬೆಟ್ಟದ ಗಾಳಿಗೆ ಮುಖಕ್ಕೆ ಒಂದಿಷ್ಟು ಕಳೆ ಬಂದಿರಬೇಕು. ಚಿಕ್ಕಮ್ಮ ಎರಡು ಹೊತ್ತೂ ಪಲಾವ್ ಬಡಿಸುತ್ತಾಳೆಂದು ಗೊತ್ತು, ಬೇಡವೆನ್ನಬೇಡ, ತಿನ್ನು. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಬೆಕ್ಕು ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ, ನಿನ್ನನ್ನು ಓಡಿಸಿದವಳು ನಾನೇ ಎಂಬಂತೆ.

ಮೊದಲು ಒಂದು ಮಾತು. ಆ ದಿನ ನಮ್ಮ ಆಂಬುಲೆನ್ಸ್ ಕರೆಗಳ ಕೋಣೆಯಲ್ಲಿ ಫೋನ್ ಹಿಡಿದುಕೊಂಡೇ ನೀನು ಮಾತು ಹೊರಡದೆ ಅಳುತ್ತ ಕೂತೆಯಲ್ಲ, ಆ ಕರೆಯ ಮುದುಕ ಬದುಕಿದ್ದಾನೆ. ನಾನು ಫೋನ್ ಕಸಿದುಕೊಂಡು ವಿಳಾಸ ಕೇಳಿದೆ, ಗಾಡಿ ಹೊತ್ತಿಗೆ ಸರಿಯಾಗಿ ಹೋಯಿತು. ಮೊನ್ನೆ ಸಂತೆಯಲ್ಲಿ ಮೂಲಂಗಿ ಮಾರುತ್ತ ಕೂತಿದ್ದ, ನಮ್ಮ ಗಾಡಿಯ ಡ್ರೈವರ್ ತೋರಿಸಿದ. ಚೌಕಾಸಿಯಲ್ಲಿ ನನ್ನನ್ನೇ ಸೋಲಿಸಿದ. ಆದ್ದರಿಂದ ನಿನ್ನಿಂದ ಒಂದು ಜೀವ ಹೋಗುತ್ತಿತ್ತೆಂದು ಕೊರಗುವುದನ್ನು ಬಿಡು. ಮೂವರ ಕೆಲಸವನ್ನು ಇಬ್ಬರ ಮೇಲೆ ಹೇರಿ ಮೂರನೆಯ ಕುರ್ಚಿಯನ್ನು ಉಗ್ರಾಣಕ್ಕೆ ತಳ್ಳಿದವರು ತೋಲ್ಕಿನ್ ಸಾಹೇಬರು, ನೀನಲ್ಲ. ಪಾಳಿ ಮುಗಿಸಿ ಕೋಟು ಹಾಕಿಕೊಂಡವಳನ್ನು ಮತ್ತೊಂದು ಪಾಳಿಗೆ ಕೂರಿಸುತ್ತಿದ್ದವರೂ ಅವರೇ.

ಈಗ ಅವರು ಏನು ಮಾಡಿದರು ಗೊತ್ತೇ? ಕುರ್ಚಿ ತರಿಸಲಿಲ್ಲ, ಮಾಸ್ಕೋದಿಂದ ಒಬ್ಬ ಮೇಡಂ ಅವರನ್ನು ಕರೆಸಿದರು. ನಮಗೆ ಉಸಿರಾಡಲು ಕಲಿಸುವುದಕ್ಕೆ! ಅದೂ ನಮ್ಮ ರಜೆಯ ದಿನ. ಮೇಡಂ ಬೋರ್ಡಿನ ಮೇಲೆ ಚಹಾ ಬಟ್ಟಲಿನ ಚಿತ್ರ ಬರೆದು, "ಮೊದಲು ನಿಮ್ಮ ಬಟ್ಟಲನ್ನ ನೀವೇ ಭರ್ತಿ ತುಂಬ್ಕೊಳ್ಳಿ, ಅದು ನಿಮ್ಮ ಜವಾಬ್ದಾರಿ" ಅಂದರು. ಹುರಿನಿಸಾ ಅಕ್ಕನನ್ನು ನೀನು ಬಲ್ಲೆ, ಅವಳ ಬಾಯಿ ಸುಮ್ಮನಿರುತ್ತದೆಯೇ? "ಅಯ್ಯೋ ತಾಯಿ, ನಾವು ಬೇಕಾದವರಿಗೆ ಅರ್ಧ ಬಟ್ಟಲೇ ಹಾಕೋದು, ಕೂತ್ಕೊಳ್ಲಿ, ಮತ್ತೆ ಹಾಕೋಣ ಅಂತ. ಭರ್ತಿ ಹಾಕಿದ್ರೆ ಕುಡಿದು ಎದ್ದು ನಡಿ ಅಂತ ಅರ್ಥ! ನಮ್ಮನ್ನ ನಾವೇ ಹೊರಗೆ ಕಳಿಸ್ಕೊಬೇಕಾ?" ಅಂದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಪಾಪ, ಮೇಡಂ ಕೂಡ ನಕ್ಕರು.

ನಗದಿದ್ದವರು ಸಾಹೇಬರೊಬ್ಬರೇ. "ಸನೋಬರ್ ತನ್ನನ್ನ ತಾನು ನೋಡ್ಕೊಂಡಿದ್ರೆ ಹೀಗಾಗ್ತಿತ್ತಾ? ಸುಸ್ತಾಗದ ಹಾಗೆ ಇರೋದು ಅವರವರ ಕೆಲಸ" ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು, ಎದ್ದು ನಿಂತೆ. "ಬೇಗ ಮಲಗೋದು, ಹೊತ್ತಿಗೆ ಉಣ್ಣೋದು ನಮ್ಮ ಕೆಲಸ, ಒಪ್ಕೊಂಡೆ ಸಾಹೇಬ್ರೆ. ಮಲಗೋಕೆ ಮನೆಗೆ ಬಿಡೋದು ಯಾರ ಕೆಲಸ?" ಅಂದೆ. ಕಷ್ಟವಾದರೆ ಬಾಯಿಬಿಟ್ಟು ಹೇಳಬೇಕಿತ್ತಂತೆ! "ಹೇಳಿದ್ಲಲ್ಲ! ನೀವು 'ನೀನು ನಮ್ಮ ಮನೆಮಗಳಿದ್ದ ಹಾಗೆ' ಅಂತ ಇನ್ನೊಂದು ಪಾಳಿ ಕೊಟ್ರಿ" ಅಂದೆ. ಅಂದಿನಿಂದ ನಾವೆಲ್ಲ ಒಂದೇ ಮಾತಿಗೆ ನಿಂತಿದ್ದೇವೆ: ಮೂರನೆಯ ಕುರ್ಚಿ ಬರುವವರೆಗೆ ಯಾರೂ ಎರಡನೆಯ ಪಾಳಿ ಮಾಡುವುದಿಲ್ಲ. ನಿನ್ನೆ ನಿನ್ನ ಜಾಗದಲ್ಲಿ ಸಾಹೇಬರೇ ಫೋನಿಗೆ ಕೂತರು. ಮಧ್ಯಾಹ್ನದ ಹೊತ್ತಿಗೆ ಟೈ ಬಿಚ್ಚಿ ಮೇಜಿನ ಮೇಲೆ ಬಿಸಾಡಿದ್ದರು. ನನ್ನ ಕೆಲಸ ಹೋದರೆ ಹೋಗಲಿ ಅಕ್ಕಾ, ಆ ಮುದುಕನ ಪಕ್ಕದಲ್ಲೇ ಮೂಲಂಗಿ ಮಾರುತ್ತೇನೆ.

ಚಿಕ್ಕಮ್ಮನಿಗೆ ನನ್ನ ಸಲಾಮು ಹೇಳು. ದೇವರು ನಿನಗೆ ಗಟ್ಟಿ ನಿದ್ದೆ ಕೊಡಲಿ.

ನಿನ್ನ ಬಾಯಿಬಡುಕಿ ತಂಗಿ,
ಮೊಹಿರಾ

ತಾ.ಕ.: ಕಾಗದ ಒಯ್ಯುವ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಭಾನುವಾರ ಸಾಹೇಬರು ಹಲ್ವಾ ಹಿಡಿದುಕೊಂಡು ನಿನ್ನಲ್ಲಿಗೇ ಬರುತ್ತಿದ್ದಾರೆ. ತಪ್ಪು ನಿನ್ನದೇ, ನಿನ್ನ ನಿತ್ರಾಣದಿಂದಲೇ ಆ ದಿನ ಹಾಗಾಯಿತೆಂದು ನಿನ್ನ ಬಾಯಿಂದ ಹೇಳಿಸಿ, ನಮ್ಮ ಬಾಯಿ ಮುಚ್ಚಿಸುವ ಉಪಾಯ. ಹೇಳಿದರೆ ಕಿತ್ತುಕೊಂಡ ಕೆಲಸವನ್ನು ನಿನಗೆ ವಾಪಸ್ ಕೊಡುತ್ತಾರಂತೆ. ಆದರೆ ನೀನು ಹೂಂ ಅಂದರೆ ಆ ಕುರ್ಚಿ ಉಗ್ರಾಣದಿಂದ ಹೊರಗೆ ಬರುವುದಿಲ್ಲ, ನಾಳೆ ಫೋನ್ ಹಿಡಿದು ಅಳುವವಳು ಇನ್ನೊಬ್ಬಳು. ಜಗಳವಾಡಬೇಡ, ಮನೆಗೆ ಬಂದ ಅತಿಥಿ. ಎಡಗೈ ಎದೆಯ ಮೇಲಿಟ್ಟು, ಬಲಗೈಯಿಂದ ಮರ್ಯಾದೆಯಾಗಿ ಚಹಾ ಕೊಡು. ಬಟ್ಟಲು ಮಾತ್ರ ಅಂಚಿನವರೆಗೆ ಭರ್ತಿ ತುಂಬಿರಲಿ.