ಇಬ್ಬರೂ ಮೂರು ಎಂದೆವು

ಆಗಸ್ಟ್ 27, 1838. ಸೋಮವಾರ

ಅಂಗಡಿಗೆ ಬಂದ ಜಿಂಕೆ ಚರ್ಮ ಹನ್ನೊಂದು. ಎರಡಕ್ಕೆ ಹುಳು ಬಿದ್ದಿದೆ. ತಂದ ಮುದುಕನನ್ನು ಬೈಯಲು ಮನಸ್ಸು ಬರಲಿಲ್ಲ, ಬದಲಿಗೆ ಉಪ್ಪು ಪೂರ್ತಿ ಅಳೆದು ಕೊಟ್ಟೆ. ಬಿಳಿಯರ ಹೆಂಗಸರಿಗೆ ಚರ್ಮ ಬೇಡ, ಮೇಪಲ್ ಸಕ್ಕರೆ ಬೇಕು. ಆ ಸಕ್ಕರೆಯ ರಸ ಕೊಡುವ ಮರಗಳನ್ನು ಕಡಿದವರು ಅವರ ಗಂಡಂದಿರೇ. ಹೇಳಿದರೆ ವ್ಯಾಪಾರ ಕೆಡುತ್ತದೆ. 

ಮಧ್ಯಾಹ್ನ ಅಕ್ಕ ವಾಸೆಯಾ ಬಂದಳು. ಜೊತೆಗೆ ಮಕ್ಕಳು — ವಾಬನ್, ನೋದಿನ್. ಬಿಳಿಯರು ಅವಳ ಗುಡಿಸಲು ಸುಟ್ಟಿದ್ದಾರೆ. ಸರ್ಕಾರದ ಎಣಿಕೆಯವನು ಹೊಳೆಯುದ್ದಕ್ಕೂ ಮನೆ ಮನೆ ಸುತ್ತುತ್ತಿದ್ದಾನಂತೆ. ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ ಜಮೀನು ಸಿಕ್ಕವರು, ಅವರ ಮಕ್ಕಳು ಇಲ್ಲೇ ಉಳಿಯಬಹುದು. ನಮ್ಮ ಪೊಟವಾಟಮಿ ಬುಡಕಟ್ಟಿನ ಮಿಕ್ಕವರೆಲ್ಲ ಮಿಸಿಸಿಪ್ಪಿ ನದಿಯಾಚೆಗೆ, ಬಂದೂಕಿನ ಕಾವಲಲ್ಲಿ. ನನಗೆ ಜಮೀನಿದೆ, ಫ್ರೆಂಚ್ ವ್ಯಾಪಾರಿಯ ವಿಧವೆ ಎಂದು ಕೊಟ್ಟದ್ದು. ಅಕ್ಕನಿಗಿಲ್ಲ.

ಆಗಸ್ಟ್ 28

ಜೋಳದ ಗಂಜಿ ಕುಡಿಯುತ್ತ ಅಕ್ಕ ಶುರು ಮಾಡಿದಳು.

"ನಾನು ಹೋಗ್ತೀನಿ ಬಿಡು. ಮಕ್ಕಳು ನಿನ್ನ ಹತ್ರ ಇರ್ಲಿ. ನೋದಿನ್ ಕೆಮ್ಮು ಕೇಳಿದ್ಯಲ್ಲ. ಅಷ್ಟು ದೂರ ಬದುಕಲ್ಲ ಅವಳು."

ಹೋದ ವರ್ಷ ಹೋದವರಲ್ಲಿ ಎಷ್ಟು ಕೂಸುಗಳು ದಾರಿಯಲ್ಲೇ ಮಣ್ಣಾದವು... ಒಪ್ಪಿದೆ. ಸುಳ್ಳೇನೂ ಹೇಳಬೇಕಿಲ್ಲ. ಅಕ್ಕತಂಗಿಯರ ಮಕ್ಕಳು ನಮ್ಮಲ್ಲಿ ಇಬ್ಬರಿಗೂ ಮಕ್ಕಳೇ. ನನ್ನ ಸುಜಾನ್ ಹುಟ್ಟಿದಾಗ ನನಗೆ ಜ್ವರ, ಹಾಲೂಡಿಸಿದವಳು ವಾಸೆಯಾ. ಮೂವರೂ ನಮ್ಮಿಬ್ಬರನ್ನೂ ಅಮ್ಮ ಎನ್ನುತ್ತಾರೆ. ಕೇಳಿದರೆ ಮೂರು ಎನ್ನುವುದು, ಅಷ್ಟೇ.

ಆಗಸ್ಟ್ 30

ಬಂದ. ಎಣಿಕೆಯವನು ಬೂಟಿನ ಕೆಸರು ಕೂಡ ಒರೆಸಲಿಲ್ಲ. ಮಕ್ಕಳೆಷ್ಟು ಎಂದ. ಮೂರು ಎಂದೆ. ಬರೆದುಕೊಂಡ. ಎದೆ ಹಗುರಾಯಿತು.

ಆಮೇಲೆ ಅಕ್ಕನ ಕಡೆ ತಿರುಗಿ ಮಕ್ಕಳತ್ತ ಕೈಸನ್ನೆ ಮಾಡಿದ — ನಿನಗೆಷ್ಟು? ಅವಳು ಮೂರು ಬೆರಳೆತ್ತಿದಳು. ಸುಜಾನಳನ್ನು ಹೇಗೆ ಬಿಟ್ಟಾಳು? ಹೆತ್ತದ್ದೆಷ್ಟು ಎಂದು ಜನ್ಮದಲ್ಲಿ ಯಾರೂ ಅವಳನ್ನು ಕೇಳಿಲ್ಲ. ತಪ್ಪು ನನ್ನದೇ. ಹೇಳಿಕೊಡಬೇಕೆಂದು ಹೊಳೆಯಲೇ ಇಲ್ಲ.

"ಮೂರೂ ಮೂರೂ ಆರು. ಇಲ್ಲಿರೋದು ಮೂರು. ಮಿಕ್ಕವರನ್ನ ಎಲ್ಲಿ ಬಚ್ಚಿಟ್ಟಿದೀರಿ?"

ನಮ್ಮ ಪದ್ಧತಿ ವಿವರಿಸಿದೆ. ನಕ್ಕ. ಮೋಸ ಎಂದ. ಮೂವರನ್ನೂ ಹೋಗುವವರ ಪಟ್ಟಿಗೆ ಸೇರಿಸಿದ. ಸುಜಾನಳನ್ನೂ. ಸಿಪಾಯಿಗಳು ಅಕ್ಕನ ಜೊತೆಗೇ ಕರೆದೊಯ್ದು ಹೊಳೆಯ ಬಳಿಯ ಬೇಲಿಯೊಳಗೆ ಕೂಡಿದರು. ಮನೆಯಲ್ಲಿ ನಾನೊಬ್ಬಳೇ.

ಸೆಪ್ಟೆಂಬರ್ 2

ಅಲೆದೆ, ಅಲೆದೆ. ಪಾದ್ರಿಯಿಂದ ಸುಜಾನಳ ಜ್ಞಾನಸ್ನಾನದ ಚೀಟಿ ತಂದೆ. ತಾಯಿಯ ಹೆಸರು ನನ್ನದು. ಎಣಿಕೆಯವನು ಓದಿದ. ಇದೊಂದು ಸಾಲದು, ನಿನ್ನ ಕೈಯಲ್ಲೇ ಬರೆದುಕೊಡು ಎಂದ — ನನಗೆ ಒಬ್ಬಳೇ ಮಗಳು, ಉಳಿದಿಬ್ಬರು ನನ್ನ ಮಕ್ಕಳಲ್ಲ. ಬರೆದರೆ ಸುಜಾನ್ ಮನೆಗೆ. ಇಲ್ಲದಿದ್ದರೆ ಮೂವರೂ ಹೊರಡಬೇಕು.

ಬೇಲಿಯ ಬಳಿ ಅಕ್ಕನಿಗೆ ಹೇಳಿದೆ. ಅಂಗಡಿಗೆ ಬೆಂಕಿ ಬೀಳಲಿ, ನಾನೂ ನಿಮ್ಮ ಜೊತೆ ಬರುತ್ತೇನೆ ಎಂದೆ. ಸಿಟ್ಟು ಬಂತು ಅವಳಿಗೆ.

"ಒಂದಾದ್ರೂ ಉಳೀಲಿ ಕಣೇ. ಬರಿ. ಅಕ್ಷರ ಕಲ್ತವಳು ನೀನೊಬ್ಬಳೇ ತಾನೇ. ಮಕ್ಕಳಿಗೆ ಮಾತ್ರ ಓದಿ ಹೇಳ್ಬೇಡ."

ಬರೆದೆ. ಗಂಡ ಕೈ ಹಿಡಿದು ತಿದ್ದಿಸಿದ ಅಕ್ಷರ. ಇದಕ್ಕಾ ಕಲಿತೆ ಅನ್ನಿಸಿತು.

ಸೆಪ್ಟೆಂಬರ್ 4

ಹೊರಟರು. ಸುಜಾನಳ ಕೈ ಹಿಡಿದು ದಾರಿಯಂಚಿನಲ್ಲಿ ನಿಂತಿದ್ದೆ. ಪಕ್ಕದಲ್ಲೇ ಎಣಿಕೆಯವನು. ಅಕ್ಕನ ಬೆನ್ನ ಮೇಲಿಂದ ನೋದಿನ್ ಅಮ್ಮಾ ಎಂದು ಕರೆದಳು. ನನ್ನನ್ನೇ. ಅವನು ನನ್ನ ಮುಖ ನೋಡುತ್ತಿದ್ದ. ನಾನು ನೆಲ ನೋಡಿದೆ. ಇನ್ನೊಮ್ಮೆ ಕರೆದಳು, ನಡುವೆಯೇ ಕೆಮ್ಮು ಬಂತು. ಧೂಳು ಬಹಳವಿತ್ತು. ವಾಬನ್ ತಿರುಗಿ ನೋಡಲಿಲ್ಲ. ಒಂಬತ್ತು ವರ್ಷದವನು, ಅರ್ಥವಾಗಿರಬೇಕು.

ಸೆಪ್ಟೆಂಬರ್ 17

ಅಂಗಡಿ ತೆರೆದೆ. ಒಬ್ಬ ಸೂಜಿ ಕೊಂಡ, ಒಬ್ಬಳು ನೀಲಿ ಬಟ್ಟೆ ಮುಟ್ಟಿ ನೋಡಿ ಹೋದಳು. ನಮ್ಮವರು ಯಾರೂ ಬರಲಿಲ್ಲ. ಬರಲು ಯಾರಿದ್ದಾರೆ?

ಹದಿಮೂರು ದಿನವಾಯಿತು, ಸುಜಾನ್ ನನ್ನನ್ನು ಅಮ್ಮ ಎಂದಿಲ್ಲ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾಳೆ. ತಡೆಯಲಾರದೆ ಇವತ್ತು ಯಾಕೆ ಎಂದು ಕೇಳಿಯೇಬಿಟ್ಟೆ. ಜೋಳ ಬಿಡಿಸುತ್ತ, ತಲೆಯೆತ್ತದೆ ಹೇಳಿದಳು.

"ಕರೆದ್ರೆ ನೀನು ಓಗೊಡಲ್ಲ."

ನಾನೂ ಅವಳ ಪಕ್ಕ ಕೂತು ಜೋಳ ಬಿಡಿಸತೊಡಗಿದೆ.