ಎಡಗಡೆ ನಿಂತವಳು

ಅಡಿಲೇಡ್
14 ಸೆಪ್ಟೆಂಬರ್ 2017, ಗುರುವಾರ

ಪ್ರೀತಿಯ ಅಮ್ಮಾ,

ನಾವು ಮೂವರೂ ಚೆನ್ನಾಗಿದ್ದೇವೆ. ಇದು ಪದ್ಧತಿಗೆಂದು ಬರೆದ ಮಾತಲ್ಲ, ತಲೆಯೆತ್ತಿ ನೋಡಿಯೇ ಬರೆದೆ. ತಾತ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾರೆ. ಅಜ್ಜಿ ಪಕ್ಕದ ಕ್ಯಾರವಾನಿನವರಿಂದ ಗಾಳಿ ಅಳೆಯುವ ಮೀಟರು ಇಸಕೊಂಡು ಬಂದು ಒಂದೊಂದೇ ಚಕ್ರ ಪರೀಕ್ಷೆ ಮಾಡುತ್ತಿದ್ದಾಳೆ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ಮೂರನೇ ವಾಕ್ಯಕ್ಕೇ ನೀನು ಬಾಯಿ ಹಾಕುತ್ತೀಯ, ನನಗೆ ಕೋಪ ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಪ್ರಿನ್ಸಿಪಾಲರಿಗೆ ಬರೆದ ಹಾಗಾಗುತ್ತದೆ. ಮೈಸೂರಿನಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ, ಆಮೇಲೆ ಅಜ್ಜಿ ಕಳಿಸುತ್ತಿದ್ದ ವಾರಪತ್ರಿಕೆಗಳ ಕನ್ನಡ, ಇಷ್ಟಕ್ಕೆ ಸಾಕು. ಅಂಚೆಗೆ ಹಾಕುವ ಮುಂಚೆ ತಾನು ಓದಬೇಕೆಂದು ಅಜ್ಜಿಯ ಷರತ್ತು ಬೇರೆ ಇದೆ.

ತಾತನಿಗೆ ಇನ್ನೂ ಗಾಡಿ ಓಡಿಸಲು ಆಗುತ್ತದಾ, ಕಣ್ಣಾರೆ ನೋಡಿ ಹೇಳು ಎಂದು ನೀನು ನನ್ನನ್ನು ಬ್ರಿಸ್ಬೇನಿನಿಂದ ಪರ್ತ್‌ಗೆ ವಿಮಾನ ಹತ್ತಿಸಿದೆ. ಸ್ಕೂಲು ಬಿಟ್ಟು ಮನೆಯಲ್ಲಿ ಕೂತವಳಿಗೆ ಬೇರೆ ಏನು ಕೆಲಸವಿದೆ ಎಂದೂ ಅಂದೆ. ಅದು ನಿಜ. ನೋಡಿದ್ದೇನೆ. ಉತ್ತರ: ಆಗುವುದಿಲ್ಲ.

ಇದರ ಅರ್ಥ ಏನೆಂದು ನನಗೆ ಗೊತ್ತು. ಯುಗಾದಿಯ ದಿನ ತಾತ ಸ್ಪೀಕರ್ ಫೋನಿನಲ್ಲಿ ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕಾರಿನ ಹಿಂದೆ ಕ್ಯಾರವಾನ್ ಎಳೆದುಕೊಂಡು ತಾನೇ ಓಡಿಸಿಕೊಂಡು ಬಂದು ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ನಮ್ಮ ಗೇಟಿನ ಮುಂದೆ ನಿಲ್ಲಿಸುತ್ತೇನೆ, ನಿಲ್ಲಿಸಿದರೆ ಪರ್ತ್‌ನ ನಮ್ಮ ಕ್ಯಾನಿಂಗ್ಟನ್ ಮನೆ ಮಾರುವ ಮಾತನ್ನು ನೀನು ಮತ್ತೆ ಎತ್ತಬಾರದು, ಆಗದಿದ್ದರೆ ಹೇಳಿದ ಕಡೆ ಸಹಿ ಹಾಕಿ ನಿಮ್ಮ ಮನೆಯ ಹಿಂದಿನ ರೂಮಿಗೆ ಬರುತ್ತೇವೆ ಎಂದರು. ನೀನು ಒಪ್ಪಿದೆ. ಅಪ್ಪ ಆ ರೂಮಿಗೆ ಆಗಲೇ ಬಣ್ಣ ಆರಿಸಿದ್ದರು.

ಕಳೆದ ವರ್ಷ ಮೇ ತಿಂಗಳಲ್ಲಿ ನೀನು ನಾಲ್ಕು ದಿನ ಫೋನ್ ಮಾಡಿದಾಗಲೂ ತಾತ ವಾಕಿಂಗ್ ಹೋಗಿದ್ದಾರೆ ಎಂದು ಅಜ್ಜಿ ಹೇಳಿದಳಲ್ಲ, ನೆನಪಿದೆಯಾ? ತಾತ ವಾಕಿಂಗ್ ಹೋಗಿರಲಿಲ್ಲ, ಆಸ್ಪತ್ರೆಯಲ್ಲಿದ್ದರು. ಸಣ್ಣ ಸ್ಟ್ರೋಕ್. ಕೈಕಾಲು, ಮಾತು ಎಲ್ಲ ಸರಿಹೋಯಿತು. ಎಡಗಡೆಯ ನೋಟ ವಾಪಸು ಬರಲಿಲ್ಲ. ಎರಡೂ ಕಣ್ಣು ತೆರೆದಿದ್ದರೂ ಎಡಕ್ಕಿರುವುದು ಅವರ ಪಾಲಿಗೆ ಇಲ್ಲ. ತಟ್ಟೆಯ ಎಡಭಾಗದ ಪಲ್ಯ ಹಾಗೇ ಉಳಿಯುತ್ತದೆ, ಅಜ್ಜಿ ತಟ್ಟೆ ತಿರುಗಿಸಿಡುತ್ತಾಳೆ. ಡಾಕ್ಟರು ಬರೆದುಕೊಟ್ಟ ಮೇಲೆ ತಾತ ಲೈಸೆನ್ಸ್ ಹಿಂದಿರುಗಿಸಿದರು. ಅದನ್ನೂ ನಿನಗೆ ಹೇಳಲಿಲ್ಲ, ಯುಗಾದಿಯ ದಿನ ಒಪ್ಪಂದ ಮಾಡುವಾಗಲೂ.

ಪರ್ತ್‌ನಿಂದ ಹೊರಟ ಮೊದಲ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಬಂದರೆ ತಾತ ಎಡಗಡೆ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಅಜ್ಜಿ ಬಲಗಡೆ, ಬೆನ್ನಿಗೊಂದು ದಿಂಬು ಇಟ್ಟುಕೊಂಡು. ಅಣ್ಣ ಶ್ರೇಯಸ ಲೈಸೆನ್ಸ್ ತೆಗೆದುಕೊಂಡಾಗ ನಮ್ಮ ಕಾರಿಗೆ ಸಿಕ್ಕಿಸಿದ್ದನಲ್ಲ, ಹೊಸ ಡ್ರೈವರ್ ಎಂದು ತೋರಿಸುವ ಕೆಂಪು 'ಪಿ' ಫಲಕ, ಅಂಥದ್ದು ಕಾರಿನ ಮುಂದೊಂದು, ಕ್ಯಾರವಾನಿನ ಹಿಂದೊಂದು. ಅರವತ್ತೈದು ವರ್ಷದ ಅಜ್ಜಿ ಎರಡು ಸಲ ಫೇಲಾಗಿ, ಈ ವರ್ಷ ಮೇ ತಿಂಗಳಲ್ಲಿ ಮೂರನೇ ಸಲ ಪಾಸಾಗಿದ್ದಾಳೆ. ನಾನು ಬಾಯಿ ತೆರೆದು ನಿಂತಿದ್ದಕ್ಕೆ ಅಂದಳು, "ಗಾಡಿ ಹತ್ತೇ. ಹನ್ನೊಂದನೇ ಕ್ಲಾಸಿಗೇ ಬಿಟ್ಟವಳು ನೀನು. ನಾನು ಎರಡು ಸಲ ಫೇಲಾದ್ರೂ ಬಿಡ್ಲಿಲ್ಲ." ತಾತ ನಕ್ಕು, "ಈ ಗಾಡೀಲಿ ಲೈಸೆನ್ಸ್ ಇರೋದು ನಿಮ್ಮಜ್ಜಿಗೊಬ್ಬಳಿಗೇ, ಅವಳ ಹತ್ರ ಹುಷಾರಾಗಿರು" ಅಂದರು.

ಈಗ ನೀನು ಫೋನಿನ ಫ್ಯಾಮಿಲಿ ಗುಂಪಿಗೆ ನಾವು ಕಳಿಸಿದ ಫೋಟೋಗಳನ್ನು ಮತ್ತೆ ತೆಗೆದು ನೋಡು. ತಾತ ಸ್ಟೇರಿಂಗ್ ಹಿಡಿದಿರುವ ಎಲ್ಲ ಫೋಟೋದಲ್ಲೂ ಗಾಡಿ ನಿಂತಿದೆ. ಅಜ್ಜಿ ಯಾವಾಗಲೂ ಬಾನೆಟ್ಟಿನ ಮುಂದೆ ಒಂದೇ ಜಾಗದಲ್ಲಿ ನಿಂತಿದ್ದಾಳೆ. ಅವಳ ಹಿಂದೆ ಇರುವುದು ಆ ಕೆಂಪು ಫಲಕ. ಫೋಟೋ ತೆಗೆದವಳು ನಾನು. "ತಾತ ಹೇಗೆ ಓಡಿಸ್ತಿದ್ದಾರೆ?" ಎಂದು ನಾರ್ಸ್‌ಮನ್‌ನಲ್ಲಿದ್ದಾಗ ನೀನು ಕೇಳಿದೆ. "ಗಾಡಿ ಚೆನ್ನಾಗಿ ಹೋಗ್ತಿದೆ" ಅಂದೆ ನಾನು. ಅದರಲ್ಲಿ ಸುಳ್ಳಿನ ಪದ ಒಂದೂ ಇರಲಿಲ್ಲ, ಆದರೂ ಅದು ಸುಳ್ಳೇ.

ಬಾಲಡೋನಿಯಾ ದಾಟಿದ ಮೇಲೆ ನೂರ ನಲವತ್ತಾರು ಕಿಲೋಮೀಟರ್ ಒಂದೂ ತಿರುವಿಲ್ಲದ ರಸ್ತೆ ಸಿಗುತ್ತದೆ. ಗೆರೆ ಎಳೆದ ಹಾಗೆ. ಪರ್ತ್ ಬಿಟ್ಟಾಗಿನಿಂದ ತಾತ ಅದರದೇ ಜಪ ಮಾಡುತ್ತಿದ್ದರು. ಅಲ್ಲಿ ಹತ್ತು ಕಿಲೋಮೀಟರ್ ಓಡಿಸಿದರೆ ಸಾಕು, ಮಗಳು ಉಷಾ ಕೇಳಿದರೆ ನಾನೂ ಓಡಿಸಿದೆ ಅಂತ ಧೈರ್ಯವಾಗಿ ಹೇಳಬಹುದು, ಬೋಳು ಬಯಲಿನಲ್ಲಿ ಎಡಕ್ಕೆ ನೋಡುವಂಥದ್ದು ಏನಿದೆ ಎನ್ನುತ್ತಿದ್ದರು. ಆ ರಸ್ತೆ ಶುರುವಾದ ಮೇಲೆ ಅಜ್ಜಿ ಲಾರಿಗಳು ನಿಲ್ಲುವ ಜಾಗದಲ್ಲಿ ಗಾಡಿ ನಿಲ್ಲಿಸಿದಳು. ಇಳಿದು ತಾತನಿಗೆ ಕೀ ಕೊಟ್ಟಳು.

ನಾನು ಹತ್ತಲಿಲ್ಲ. ಯಾರೂ ಹೇಳಲಿಲ್ಲ, ನಾನೇ ಹೋಗಿ ಗಾಡಿಯ ಮುಂದೆ, ಎಡಗಡೆ, ಹೆಡ್‌ಲೈಟಿನಿಂದ ಮೂರು ಮಾರು ದೂರದಲ್ಲಿ ನಿಂತೆ. ಹೊಳೆಯುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದೆ. ತಾತ ಕನ್ನಡಿ ಸರಿಮಾಡಿಕೊಂಡು ಎಂಜಿನ್ ಶುರುಮಾಡಿದರು. ಕಿಟಕಿ ಇಳಿಸಿದ್ದರಿಂದ ಮಾತು ಕೇಳಿಸುತ್ತಿತ್ತು. "ಎಲ್ಲಿ ಹೋದ್ಲು ಈ ಹುಡುಗಿ? ಕೂಗು ಅವಳನ್ನ" ಅಂದರು. ಪಕ್ಕದ ಸೀಟಿನಲ್ಲಿದ್ದ ಅಜ್ಜಿಗೆ ನಾನು ನೇರ ಎದುರಿಗಿದ್ದೆ. "ನೀವೇ ನೋಡಿ ಹೇಳಿ" ಅಂದಳು. ತಾತ ಬಲಕ್ಕೆ ನೋಡಿದರು, ಕನ್ನಡಿಯಲ್ಲಿ ನೋಡಿದರು, ಹಿಂದಿನ ಸೀಟಿನ ಕಡೆಗೆ ತಿರುಗಿ, "ಗಾನೂ, ಬಾರಮ್ಮ, ಹೊತ್ತಾಯ್ತು" ಅಂದರು.

ಆಗ ನಾನು, "ತಾತ, ನಿಮ್ಮ ಮುಂದೇನೇ ಇದೀನಿ" ಅಂದೆ.

ದನಿ ಬಂದ ಕಡೆಗೆ ಪೂರ್ತಿ ಕತ್ತು ತಿರುಗಿಸಿದರು. ಜಾಕೆಟ್ ಕಂಡಿರಬೇಕು. ಎಂಜಿನ್ ಆರಿಸಿ, ಕೀಯನ್ನು ಅಂಗೈಗೆ ತೆಗೆದುಕೊಂಡರು. "ನಿನ್ನ ಮೇಲೇ ಹೋಗ್ತಿದ್ನಲ್ಲೇ" ಅಂದರು. ಆಮೇಲೆ ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಅಜ್ಜಿಗೆ ಅಂದರು: "ಏಳು, ನನ್ನ ಜಾಗ ಬಿಡು."

ಅದು ಕ್ರೂರ ಕೆಲಸ. ಎಪ್ಪತ್ತು ವರ್ಷದವರಿಗೆ ಹಾಗೆ ಮಾಡಬಾರದು. ಆದರೂ ಮತ್ತೆ ಅದೇ ಪರಿಸ್ಥಿತಿ ಬಂದರೆ ಅಲ್ಲೇ ನಿಲ್ಲುತ್ತೇನೆ.

ತಾತ ಒಂದೂವರೆ ದಿನ ಸುಮ್ಮನಿದ್ದರು. ಗಡಿ ದಾಟಿದ ಮೇಲೆ ಕಡಲು ಸಿಕ್ಕಿತು. ಪೂರ್ವಕ್ಕೆ ಹೋಗುವವರಿಗೆ ಅದು ಬಲಗಡೆ, ಅಂದರೆ ತಾತನಿಗೆ ಕಾಣುವ ಕಡೆ. ಆದರೆ ಅವರ ಸೀಟಿನಿಂದ ಕಡಲು ನೋಡಬೇಕಾದರೆ ಅಜ್ಜಿಯ ಮುಖ ದಾಟಿಯೇ ನೋಡಬೇಕು. "ಏನ್ರೀ ಅದು, ನನ್ನನ್ನೇ ನೋಡ್ತಿದೀರಾ" ಅಂದಳು. "ನಿನ್ನನ್ನಲ್ಲ ಮಾರಾಯ್ತಿ, ತಿಮಿಂಗಿಲ ಇದೆಯಾ ಅಂತ" ಅಂದರು. ಅದು ಅವರ ಮೊದಲ ಮಾತು. ತಿಮಿಂಗಿಲ ಕಾಣಲಿಲ್ಲ.

ಸೆಡೂನಾದಲ್ಲಿ ತಪಾಸಣೆ ಇತ್ತು, ಬೇರೆ ರಾಜ್ಯದ ಹಣ್ಣು ಗಿಡ ಅಲ್ಲಿಂದ ಮುಂದೆ ಬಿಡುವುದಿಲ್ಲ. ಹಣ್ಣು, ತರಕಾರಿ, ಗಿಡ ಏನಾದರೂ ಇದೆಯಾ ಎಂದು ಅಲ್ಲಿಯ ಹೆಂಗಸು ಕೇಳಿದಳು. ತಾತ ಠೀವಿಯಿಂದ ಏನೂ ಇಲ್ಲ ಅಂದರು. ನಾನು ಸಿಂಕಿನ ಕೆಳಗೆ ಕರಿಬೇವಿನ ಗಿಡ ಇದೆ ಅಂದೆ. ಅದು ನಿನಗೆಂದು ಅಜ್ಜಿ ಎರಡು ವರ್ಷ ಸಾಕಿದ ಗಿಡ. ಪರ್ತ್‌ನ ಚಳಿಗೆ ಅದಕ್ಕೆ ಹಳೇ ಸ್ವೆಟರ್ ಸುತ್ತುತ್ತಿದ್ದಳಂತೆ. ಡಬ್ಬದ ಸಮೇತ ತೆಗೆದುಕೊಂಡು ಹೋದರು. ಕಿಂಬಾ ಬರುವವರೆಗೆ ಮುನ್ನೂರು ಕಿಲೋಮೀಟರ್ ಅಜ್ಜಿ ನನ್ನ ಹತ್ತಿರ ಮಾತಾಡಲಿಲ್ಲ. ಅಲ್ಲಿ ಟೀ ಕುಡಿಯುವಾಗ ಅಂದಳು, "ಒಂದು ಸೊಪ್ಪಿನ ಗಿಡಕ್ಕೇ ಇವಳ ಬಾಯಿ ನಿಲ್ಲಲ್ಲ. ನಮ್ಮ ವಿಷಯ ಎಷ್ಟು ದಿನ ನಿಂತೀತು? ನಿಮ್ಮಮ್ಮಂಗೆ ನೀನೇ ಬರಿ. ಆದ್ರೆ ಪೂರ್ತಿ ಬರಿ. ಅರ್ಧ ಬರೆದ್ರೆ ಅದೂ ಸುಳ್ಳೇ." ತಾತ ಬೇಡ ಎನ್ನಲಿಲ್ಲ. ಬಿಸ್ಕತ್ತು ಅದ್ದುತ್ತಾ, "ನಾನು ಸೋತೆ ಅಂತ ಬರಿ" ಅಂದರು.

ಅವರು ಹೇಳಿದ್ದನ್ನು ಬರೆದಿದ್ದೇನೆ. ಒಪ್ಪಂದದ ಪ್ರಕಾರ ತಾತ ಸೋತಿದ್ದಾರೆ. ಅಜ್ಜಿ ಓಡಿಸಿದ್ದನ್ನು ಅವರ ಲೆಕ್ಕಕ್ಕೆ ಹಾಕು ಎಂದು ನಾನು ಕೇಳುವುದಿಲ್ಲ. ಆದರೆ ಅಮ್ಮಾ, ಯುಗಾದಿಯ ದಿನ ಆ ಒಪ್ಪಂದ ನಿನಗೂ ತಾತನಿಗೂ ಆಯಿತು. ಅಜ್ಜಿ ಒಬ್ಬಟ್ಟು ತಟ್ಟುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಿನ್ನೆ ನಾನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನನ್ನ ಕೈಯಲ್ಲಿ ಸ್ಟೇರಿಂಗ್ ಇರೋವರೆಗೆ ಕ್ಯಾನಿಂಗ್ಟನ್. ಡಾಕ್ಟರ ಹತ್ರ, ಅಂಗಡಿಗೆ, ಎಲ್ಲಿಗೂ ನಾನೇ ಕರ್ಕೊಂಡು ಹೋಗ್ತೀನಿ. ನನಗೆ ಆಗಲ್ಲ ಅನ್ನೋ ದಿನ ಉಷಾ ಕರೀದೇ ಇದ್ರೂ ಬರ್ತೀನಿ." ನೀನು ಸಹಿಯ ಕಾಗದ ಹಿಡಿದು ಕಾಯುತ್ತಿದ್ದರೆ, ಒಪ್ಪಂದವನ್ನು ಹೊಸದಾಗಿ ಅವಳ ಜೊತೆ ಮಾಡಿಕೋ.

ಜನವರಿಯಲ್ಲಿ ಮತ್ತೆ ಸ್ಕೂಲಿಗೆ ಸೇರುತ್ತೀಯಾ ಎಂದು ನೀನು ಕೇಳಿದ್ದೆ. ಗೊತ್ತಿಲ್ಲ. ಗೊತ್ತಾದ ದಿನ ಹೇಳುತ್ತೇನೆ, ಅದಕ್ಕೂ ಮೊದಲು ನಿನ್ನ ಸಮಾಧಾನಕ್ಕೆಂದು ಹೂಂ ಎನ್ನುವುದಿಲ್ಲ.

ಶನಿವಾರ ಇಲ್ಲಿಂದ ಹೊರಟು ಬ್ರೋಕನ್ ಹಿಲ್ ಮಾರ್ಗವಾಗಿ ಬರುತ್ತೇವೆ, ಹತ್ತು ದಿನವಾದರೂ ಬೇಕು. ನಮ್ಮ ಗೇಟಿನೊಳಗೆ ಕ್ಯಾರವಾನ್ ಹಿಂದಕ್ಕೆ ತರುವಾಗ ಅಜ್ಜಿಯನ್ನು ಮಾತಾಡಿಸಬೇಡ. ಹಿಂದೆ ನಿಂತು ಬಲಗಡೆ ನೋಡಿ ಕೈ ತೋರಿಸುವುದು ತಾತನ ಕೆಲಸ, ಎಡಗಡೆ ನನ್ನದು. ಒಬ್ಬರು ತಪ್ಪಿದರೂ ನಿನ್ನ ಲೆಟರ್‌ಬಾಕ್ಸು ಹೋಗುತ್ತದೆ.

ನಿನ್ನ ಮಗಳು,
ಗಾನವಿ

'ಬರೆಯಲು ಮರೆತದ್ದು' ಎಂದು ಶುರುಮಾಡಬೇಕೆಂದಿದ್ದೆ, ಆದರೆ ಮರೆತದ್ದಲ್ಲ: ಅಜ್ಜಿ ಕನ್ನಡಕ ಹಾಕಿಕೊಂಡು ಎಲ್ಲ ಓದಿದಳು. ಎರಡು ಕಡೆ ಒತ್ತಕ್ಷರ ತಿದ್ದಿದಳು. ಒಂದು ಸಾಲಿನ ಕೆಳಗೆ ಗೆರೆ ಎಳೆದು, "ಇದು ಸುಳ್ಳು, ನಿಜ ಬರಿ" ಅಂದಳು. 'ಯಾರೂ ಹೇಳಲಿಲ್ಲ, ನಾನೇ ಹೋಗಿ' ಎಂಬ ಸಾಲು. ಅವತ್ತು ಕೀ ಕೊಡಲು ಇಳಿದಾಗ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ್ದಳು, "ಎಡಗಡೆ ಹೋಗಿ ನಿಂತ್ಕೋ. ಹೆದರಬೇಡ, ಹ್ಯಾಂಡ್‌ಬ್ರೇಕ್ ನಾನು ಹಿಡ್ಕೊಂಡಿರ್ತೀನಿ." ಮದುವೆಯಾಗಿ ನಲವತ್ತಾರು ವರ್ಷವಾದರೂ ಅವರಿಗೆ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲವಂತೆ. ಅವಳ ಹೆಸರು ಹೇಳಬಾರದೆಂದು ನಾನೇ ಅಂದುಕೊಂಡಿದ್ದೆ. ತಾತನಿಗೆ ಇದು ಇನ್ನೂ ಗೊತ್ತಿಲ್ಲ. ನಮ್ಮ ಗೇಟಿನೊಳಗೆ ಗಾಡಿ ನಿಲ್ಲಿಸಿದ ಮೇಲೆ ತಾನೇ ಹೇಳುತ್ತಾಳಂತೆ. ಅಲ್ಲಿಯವರೆಗೆ ನೀನೂ ಹೇಳಬೇಡ. ಒಂದು ನಿಜವನ್ನು ಮುಚ್ಚಿಡು ಎಂದು ನಾನು ಕೇಳುತ್ತಿರುವುದು ಇದೇ ಮೊದಲು.